ಮೆಷಿನ್‌ನಲ್ಲಿ ಬಿಡಿಸಿದ ಹತ್ತಿಯ ಎಳೆ ಎಲ್ಲಿ ಕೆಡುತ್ತೆ?

ಎರೆಹೊಲ_ಜಗಳೂರು
ಎರೆ ಭೂಮಿ, 90×15 ಸೆಂ.ಮೀ. ಅಂತರದಲ್ಲಿ ಒತ್ತಾಗಿ ಹಾಕಿದ ಹತ್ತಿ. ಮೆಪಿಕ್ವಾಟ್ (ಬೆಳವಣಿಗೆ ತಡೆಯೋ ಔಷಧಿ) ಹೊಡೆದು ಗಿಡ ಮೂರು ಅಡಿಗೆ ನಿಲ್ಲಿಸಿದೆ. ಬಿಡಿಸೋಕೆ ಆಳು ಸಿಗ್ತಿಲ್ಲ, ಬಾಡಿಗೆ ಮೆಷಿನ್ ತರಿಸೋ ಯೋಚನೆ. ಆದರೆ ಜಿನ್ನಿಂಗ್‌ನವರು (ಹತ್ತಿಯಿಂದ ಬೀಜ ಬೇರೆ ಮಾಡೋರು) ಮಾಲು ನೋಡೋಕೆ ಮುಂಚೆನೇ "ಮೆಷಿನ್ ಹತ್ತಿ, ಎಳೆ ತುಂಡಾಗಿರುತ್ತೆ" ಅಂತ ರೇಟ್ ಮುರೀತಾರೆ. ಸ್ಪಿಂಡಲ್ ನಿಜವಾಗ್ಲೂ ಎಳೆ ಕಡಿಯುತ್ತಾ? ಸ್ಪಿಂಡಲ್ ಇರೋ ಪಿಕ್ಕರ್ ಒಳ್ಳೇದಾ, ಸ್ಟ್ರಿಪ್ಪರ್ರಾ?

ಸ್ಪಿಂಡಲ್_ಫಿಟ್ಟರ್
ಸರಿಯಾಗಿ ಸೆಟ್ ಮಾಡಿದ ಸ್ಪಿಂಡಲ್ ಎಳೆ ಕಡಿಯೋದಿಲ್ಲ. ಹಲ್ಲಿರೋ ಸ್ಪಿಂಡಲ್ ತಿರುಗ್ತಾ ಅರಳಿದ ಹತ್ತಿಯನ್ನ ಸುತ್ತಿಕೊಳ್ಳುತ್ತೆ, ಡಾಫರ್ ಅದನ್ನ ಬಿಚ್ಚಿ ಹಾಕುತ್ತೆ. ಕೆಡೋದು ಈ ಬಿಚ್ಚೋ ಜಾಗದಲ್ಲಿ. ಡಾಫರ್ ಸ್ಪಿಂಡಲ್‌ಗೆ ಹಗುರವಾಗಿ ತಾಗಬೇಕು. ಸಂದು ಬಿಟ್ಟರೆ ಹತ್ತಿ ಸ್ಪಿಂಡಲ್ ಮೇಲೇ ಉಳಿದು, ಸುತ್ತಿನ ಮೇಲೆ ಸುತ್ತು ಬಿದ್ದು, ಹುರಿ ಹೊಸೆದ ಹಾಗೆ ಆಗುತ್ತೆ. ಆ ಹುರಿ ಜಿನ್‌ನಲ್ಲೂ ಬಿಚ್ಚಲ್ಲ. ಸ್ಪಿಂಡಲ್ ತೊಳೆಯೋ ಪ್ಯಾಡ್‌ಗೆ ನೀರು ಕಮ್ಮಿಯಾದ್ರೆ ಎಲೆಯ ಅಂಟು ಕೂರುತ್ತೆ, ಜಾಸ್ತಿಯಾದ್ರೆ ಹತ್ತಿ ಒದ್ದೆ.

ಗಿಡವನ್ನ ಸ್ಪಿಂಡಲ್ ಕಡೆ ಒತ್ತೋ ಪ್ರೆಷರ್ ಪ್ಲೇಟ್ ಸ್ಪಿಂಡಲ್ ತುದಿಯಿಂದ 3ರಿಂದ 6 ಮಿ.ಮೀ. ಇರಲಿ. ಡ್ರೈವರ್‌ಗಳು "ಒಂದು ಹತ್ತೀನೂ ಬಿಡಬಾರದು" ಅಂತ ಸ್ಪ್ರಿಂಗ್ ಬಿಗಿ ಮಾಡ್ತಾರೆ. ಆಗ ಹಸಿ ಕಾಯಿ ಉದುರುತ್ತೆ, ತೊಗಟೆ ಸುಲಿದು ಹತ್ತಿ ಜೊತೆ ಬರುತ್ತೆ. ತೊಗಟೆ ನಾರಿನ ಥರ ಇರೋದ್ರಿಂದ ಕ್ಲೀನರ್ ಅದನ್ನ ಹಿಡಿಯಲ್ಲ, ನೂಲಲ್ಲೇ ಕಾಣಿಸುತ್ತೆ.

ಸ್ಟ್ರಿಪ್ಪರ್ ಗಿಡವನ್ನೇ ಬಾಚಿಬಿಡುತ್ತೆ: ಕಾಯಿ ಸಿಪ್ಪೆ, ಕಡ್ಡಿ, ಬಲಿಯದ ಕಾಯಿ ಎಲ್ಲಾ. ಪಿಕ್ಕರ್ ಮಾಲಲ್ಲಿ ಕಸ ಸುಮಾರು ನೂರಕ್ಕೆ 5ರಿಂದ 10. ಹೊಲದಲ್ಲೇ ಕ್ಲೀನ್ ಮಾಡೋ ವ್ಯವಸ್ಥೆ ಇಲ್ಲದ ಸ್ಟ್ರಿಪ್ಪರ್‌ನಲ್ಲಿ 20 ದಾಟುತ್ತೆ. ಬಲಿಯದ ಎಳೆ ಸೇರೋದ್ರಿಂದ ಮೈಕ್ರೊನೇರ್ (ಎಳೆಯ ದಪ್ಪ, ಬಲಿತದ ಅಳತೆ) ಕೂಡ ಇಳಿಯುತ್ತೆ. ಬಾಡಿಗೆ ಅಗ್ಗ ಅಂತ ಇದಕ್ಕೆ ಒಪ್ಪಬೇಡಿ.

ಜಿನ್_ಮನೆ_ದಾವಣಗೆರೆ
ಜಿನ್ನಿಂಗ್‌ನವರ ಮಾತು ಅರ್ಧ ಸರಿ. ಎಳೆ ತುಂಡಾಗೋದು ಹೊಲದಲ್ಲಲ್ಲ, ನಮ್ಮ ಮನೆಯಲ್ಲೇ! ಕಸ ಜಾಸ್ತಿ ಬಂದ್ರೆ ಜಾಸ್ತಿ ಒಣಗಿಸಬೇಕು, ಜಾಸ್ತಿ ಸಲ ಬಾಚಬೇಕು. ಅರಳೆಯ (ಬೀಜ ತೆಗೆದ ಹತ್ತಿ) ತೇವ ನೂರಕ್ಕೆ 5ಕ್ಕಿಂತ ಕೆಳಗಿಳಿದ್ರೆ ಎಳೆ ಪಟಪಟ ಮುರಿಯುತ್ತೆ. ಗರಗಸದ ಹಲ್ಲಿನ ಲಿಂಟ್ ಕ್ಲೀನರ್ ಒಂದು ಸಲ ಜಾಸ್ತಿ ಓಡಿಸಿದಷ್ಟೂ ತುಂಡು ಎಳೆ, ನೆಪ್ಸ್ (ಎಳೆಯ ಸಣ್ಣ ಗಂಟು) ಎರಡೂ ಏರುತ್ತೆ.

ನಮ್ಮ ಕಡೆ ಬಹುತೇಕ ಡಬಲ್ ರೋಲರ್ ಜಿನ್, ಗರಗಸದ ಬದಲು ಉರುಳೆಯಲ್ಲಿ ಬೀಜ ಬಿಡಿಸೋದು. ಎಳೆಗೆ ಮೃದು, ಆದ್ರೆ ಕೈಯಲ್ಲಿ ಬಿಡಿಸಿದ ಹತ್ತಿಗೆ ಅಂತ ಹೊಂದಿಸಿರೋದು. ಮುಂದೆ ಇಳಿಜಾರು ಕ್ಲೀನರ್, ಕಡ್ಡಿ ತೆಗೆಯೋ ಮೆಷಿನ್ ಇಲ್ಲದೆ ಮೆಷಿನ್ ಮಾಲು ಹಾಕಿದ್ರೆ ಕಸ ಅರಳೆಯಲ್ಲೇ ಅರೆದು ಕೂರುತ್ತೆ. ರೇಟ್ ಕೇಳೋಕೆ ಮುಂಚೆ "ಪ್ರೀ-ಕ್ಲೀನರ್ ಐತಾ?" ಅಂತ ಕೇಳ್ರಿ. ಅಮೆರಿಕದ ಪಿಮಾ ಉದ್ದೆಳೆ ಹತ್ತೀನ ಸ್ಪಿಂಡಲ್‌ನಲ್ಲೇ ಬಿಡಿಸಿ ರೋಲರ್ ಜಿನ್‌ಗೇ ಹಾಕ್ತಾರೆ. ಮೆಷಿನ್ ಅಂದ ಮಾತ್ರಕ್ಕೆ ಎಳೆ ಕೆಟ್ಟಿತು ಅನ್ನೋ ಹಾಗಿಲ್ಲ.

ಇನ್ನೊಂದು. ಹತ್ತಿ ಗುಣಮಟ್ಟದ ಹೆಚ್‌ವಿಐ ಪರೀಕ್ಷೆಯ ರಿಪೋರ್ಟ್ ಉದ್ದ, ಬಲ, ಮೈಕ್ರೊನೇರ್ ತೋರಿಸುತ್ತೆ, ನೆಪ್ಸ್ ಎಣಿಸಲ್ಲ. ಅದಕ್ಕೆ ಎಎಫ್‌ಐಎಸ್ ಅನ್ನೋ ಬೇರೆ ಪರೀಕ್ಷೆ ಮಾಡಿಸಬೇಕು.

ಎರೆಹೊಲ_ಜಗಳೂರು
ಹಂಗಾದ್ರೆ ಕಸ ಹೊಲದಲ್ಲೇ ತಡೆಯೋದು ಹೆಂಗೆ? ಎಲೆ ಉದುರಿಸೋ ಔಷಧಿ ಯಾವಾಗ?

ಭರಮಸಾಗರ_ಹತ್ತಿ
ನೂರಕ್ಕೆ 60 ಕಾಯಿ ಬಿರಿದ ಮೇಲೆ. ಲೆಕ್ಕಕ್ಕಿಂತ ಚಾಕು ನಂಬ್ರಿ. ಮೇಲಿನ ಬಿರಿಯದ ಕಾಯಿ ಅಡ್ಡ ಕೊಯ್ದು ನೋಡ್ರಿ: ಬೀಜದ ಸಿಪ್ಪೆ ಕಂದು ತಿರುಗಿರಬೇಕು, ಒಳಗೆ ಲೋಳೆ ಇರಬಾರದು, ಹತ್ತಿ ಚಾಕುವಿಗೆ ಎಳೆ ಎಳೆಯಾಗಿ ಅಂಟಿ ಬರಬೇಕು. ಅಲ್ಲಿವರೆಗೆ ಹೊಡೀಬೇಡಿ, ಮೈಕ್ರೊನೇರ್ ಹೋಗುತ್ತೆ.

ಥಿಡಿಯಾಜುರಾನ್-ಡೈಯುರಾನ್ ಮಿಶ್ರಣ ಲೇಬಲ್‌ನಲ್ಲಿರೋ ಅಳತೆಗೇ ಹೊಡೀರಿ. ಜಾಸ್ತಿ ಹೊಡೆದ್ರೆ ಎಲೆ ಉದುರಲ್ಲ, ಸುಟ್ಟು ಗಿಡಕ್ಕೇ ಅಂಟಿಕೊಳ್ಳುತ್ತೆ. ಸ್ಪಿಂಡಲ್ ತಾಗಿದ ಕೂಡಲೇ ಅದು ಮೆಣಸಿನ ಪುಡಿ ಥರ ಪುಡಿಯಾಗಿ ಅರಳೆಗೆ ಇಳಿಯುತ್ತೆ, ಅದಕ್ಕಿಂತ ಕೆಟ್ಟ ಕಸ ಇಲ್ಲ. ಹಸಿ ಎಲೆ ಉಳಿದ್ರೆ ಹಸಿರು ಕಲೆ. ಮಾಗಿ ಚಳಿಯಲ್ಲಿ ಔಷಧಿ ನಿಧಾನ. ಸಾಮಾನ್ಯವಾಗಿ 10ರಿಂದ 14 ದಿನ ಬಿಟ್ಟು ಮೆಷಿನ್ ಇಳಿಸಿ, ತಡ ಮಾಡಿದ್ರೆ ಹೊಸ ಚಿಗುರು ಬರುತ್ತೆ.

ಬೆಳಿಗ್ಗೆ ಇಬ್ಬನಿ ಆರೋವರೆಗೂ ಮೆಷಿನ್ ಇಳಿಸಬೇಡಿ. ಬೀಜಸಹಿತ ಹತ್ತಿಯ ತೇವ ನೂರಕ್ಕೆ 12 ದಾಟಿದ್ರೆ ರಾಶಿಯಲ್ಲಿ ಕಾವು ಬಂದು ಹಳದಿ ತಿರುಗುತ್ತೆ. ಮೀಟರ್ ಇಲ್ದಿದ್ರೆ ಬೀಜ ಹಲ್ಲಲ್ಲಿ ಕಡೀರಿ, ಟಕ್ ಅಂತ ಒಡೆದ್ರೆ ಒಣಗಿದೆ.

ಕೈಯಲ್ಲಿ ಹಿಡಿಯೋ ಬ್ಯಾಟರಿ ಮೆಷಿನ್ ಬಗ್ಗೆನೂ ಒಂದು ಮಾತು. ಅರಳಿದ ಹತ್ತಿಗೆ ಮಾತ್ರ ಮೂತಿ ಇಟ್ರೆ ಪರವಾಗಿಲ್ಲ. ಗಿಡದೊಳಗೆ ತೂರಿಸಿದ್ರೆ ಒಣ ಎಲೆ, ಕಾಯಿಯ ತೊಟ್ಟೆಲೆ ಎಲ್ಲಾ ಒಳಗೆ. ಮಾಲು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಬಟ್ಟೆ ಚೀಲವೇ ಇರಲಿ. ಪ್ಲಾಸ್ಟಿಕ್ ಚೀಲದ ಒಂದು ದಾರ ಸೇರಿದ್ರೂ ಅದು ಬಣ್ಣ ಹಿಡಿಯಲ್ಲ, ಬಟ್ಟೆಯಲ್ಲಿ ಬಿಳಿ ಗೀರಾಗಿ ಉಳಿಯುತ್ತೆ.

ಸ್ಪಿಂಡಲ್_ಫಿಟ್ಟರ್
ಬಾಡಿಗೆಗೆ ಒಪ್ಪೋ ಮುಂಚೆ ಪಿಕ್ಕರ್ ತಲೆ 90 ಸೆಂ.ಮೀ. ಸಾಲಿಗೆ ಹೊಂದುತ್ತಾ ಅಂತ ಟೇಪ್ ಹಿಡಿದು ನೋಡಿ. ಹೈಡ್ರಾಲಿಕ್ ಪೈಪ್‌ಗಳೂ ನೋಡಿ. ಎಣ್ಣೆ ತೊಟ್ಟಿಕ್ಕಿದ ಹತ್ತಿಯನ್ನ ಯಾವ ಕ್ಲೀನರ್ರೂ ಬಿಳಿ ಮಾಡಲ್ಲ.