ಬೂಷ್ಟು ಹಿಡಿದ ಕಾಳಿನ ವಿಷ: ಶಿಲೀಂಧ್ರ, ಸೋಂಕು, ನಂಜು, ಕಾಮಾಲೆ ಪದಗಳ ಬಗ್ಗೆ

ಗೆಳೆಯರಿಗೆ ನಮಸ್ಕಾರ.

ಉಡುಪಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹಾಲು ಉತ್ಪಾದಕರಿಗೂ ಸ್ವಸಹಾಯ ಗುಂಪುಗಳ ಮಹಿಳೆಯರಿಗೂ ಹಂಚಲು ಒಂದು ಕರಪತ್ರ ತಯಾರಾಗುತ್ತಿದೆ. ನೆಲಗಡಲೆ, ಕೊಬ್ಬರಿ, ಮೆಕ್ಕೆಜೋಳ, ಹಿಂಡಿ ಇವಕ್ಕೆ ಬೂಷ್ಟು ಬಂದಾಗ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಲಿವರಿಗೆ ಏನು ಮಾಡುತ್ತದೆ ಎಂಬುದು ಅದರ ವಿಷಯ. ವೈದ್ಯಕೀಯ ಮಾಹಿತಿಯನ್ನು ವೈದ್ಯ ಮಿತ್ರರೊಬ್ಬರು ಕೊಟ್ಟಿದ್ದಾರೆ, ಭಾಷೆಯ ಹೊಣೆ ನನ್ನದು. ಕರಡಿನ ಮೊದಲ ವಾಕ್ಯ ಹೀಗಿದೆ:

"ಶಿಲೀಂಧ್ರ ಸೋಂಕಿತ ಆಹಾರ ಪದಾರ್ಥಗಳ ಸೇವನೆಯಿಂದ ಯಕೃತ್ತಿನ ಕ್ಯಾನ್ಸರ್ ಉಂಟಾಗುತ್ತದೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೊಟ್ಟಿಗೆಯಲ್ಲಿ ಹಿಂಡಿ ಕಲಸುವವರು ಇದನ್ನು ಓದಿ ಏನು ತಿಳಿದುಕೊಳ್ಳುತ್ತಾರೆ ಎಂದು ಯೋಚಿಸಿದರೆ, ಒಂದೊಂದು ಪದವೂ ಅವರನ್ನು ಬೇರೆ ಕಡೆಗೆ ಕರೆದೊಯ್ಯುತ್ತದೆ. ಈ ಗುಂಪಿನಲ್ಲಿ ಕೃಷಿ ಬಲ್ಲವರೂ ವೈದ್ಯರೂ ನಿಘಂಟಿನಲ್ಲಿ ಮುಳುಗಿದವರೂ ಇರುವುದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಶಿಲೀಂಧ್ರ. ಸಂಸ್ಕೃತ ಕಾವ್ಯಗಳಲ್ಲಿ ಇದು ಗುಡುಗಿಗೆ ನೆಲ ಸೀಳಿಕೊಂಡು ಬರುವ ಅಣಬೆಯ ಹೆಸರು. ನಮ್ಮ ಗುಡ್ಡಗಳಲ್ಲಿ ಮೊದಲ ಗುಡುಗಿನ ಹೊತ್ತಿಗೆ ಕಲ್ಲಣಬೆ ಹುಡುಕುವವರಿಗೆ ಈ ಅರ್ಥ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಇಂದಿನ ಓದುಗರಿಗೆ ಆ ಅರ್ಥ ಉಳಿದಿಲ್ಲ. ಅಡಿಕೆ ತೋಟದವರಿಗೆ ಶಿಲೀಂಧ್ರವೆಂದರೆ ಕೊಳೆರೋಗ. ಬೋರ್ಡೋ ದ್ರಾವಣ ಸಿಂಪಡಿಸಿ "ಮದ್ದು ಬಿಟ್ಟಾಯಿತು" ಎಂದರೆ ಅವರ ಮಟ್ಟಿಗೆ ಆ ಮಾತು ಮುಗಿಯಿತು. ಪೇಟೆಯವರಿಗೆ 2021ರಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಪತ್ರಿಕೆಗಳ ತುಂಬ ಬರುತ್ತಿದ್ದ "ಕಪ್ಪು ಶಿಲೀಂಧ್ರ" ನೆನಪಾಗುತ್ತದೆ. ಎರಡೂ ಜೀವಂತ ಒಡಲಿಗೆ ತಗಲಿ ಅಲ್ಲೇ ಬೆಳೆಯುವ ರೋಗಗಳು. ಪಕ್ಕದಲ್ಲಿ "ಸೋಂಕಿತ" ಎಂದು ಸೇರಿಸಿದರಂತೂ, ಬೂಷ್ಟು ಹೊಟ್ಟೆಯೊಳಗೆ ಹೋಗಿ ಲಿವರಿನಲ್ಲಿ ಬೇರೂರುತ್ತದೆ ಎಂದೇ ಓದುಗರು ಭಾವಿಸುತ್ತಾರೆ.

ನಡೆಯುವುದು ಅದಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆಯುವುದು ಕಾಳಿನ ಮೇಲೆ. ಬೆಳೆಯುತ್ತ ಅದು ಒಂದು ರಾಸಾಯನಿಕವನ್ನು ಕಾಳಿನೊಳಗೆ ಬಿಡುತ್ತದೆ. ಹಾನಿ ಮಾಡುವುದು ಆ ರಾಸಾಯನಿಕ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಒಡಲಿನಲ್ಲಿ ಮರಿ ಹಾಕುವುದೂ ಇಲ್ಲ. ಹಾಗಾಗಿ ಸೋಂಕು ಎಂಬ ಪದವನ್ನು ಕರಪತ್ರದಿಂದ ಪೂರ್ತಿ ತೆಗೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯಾರಿಗಾದರೂ ಇದಕ್ಕೆ ಆಕ್ಷೇಪವಿದ್ದರೆ ಕಾರಣ ತಿಳಿಸಿ.

ಶಿಲೀಂಧ್ರದ ಜಾಗಕ್ಕೆ ಏನು? ನಮ್ಮಲ್ಲಿ ಬೂಷ್ಟು, ಬೂಸು, ಬೂಜು ಎಲ್ಲವೂ ಉಂಟು. ನೆರೆಯವರನ್ನು ನೋಡಿ: ತೆಲುಗಿನಲ್ಲಿ ಬೂಜು, ಮಲಯಾಳದಲ್ಲಿ ಪೂಪ್ಪಲ್, ಮರಾಠಿಯಲ್ಲಿ ಬುರಶಿ. ತಮಿಳಿನವರು ಪೂಂಜೈ ಎಂಬ ಮನೆಮಾತನ್ನೇ ವಿಜ್ಞಾನದ ಪುಸ್ತಕದೊಳಗೂ ಕೂರಿಸಿಕೊಂಡಿದ್ದಾರೆ. ನಾವು ಮಾತ್ರ ಬೂಷ್ಟನ್ನು ಅಡುಗೆಮನೆಯಲ್ಲೇ ಬಿಟ್ಟು ಶಾಲೆಗೆ ಶಿಲೀಂಧ್ರವನ್ನು ಕಳುಹಿಸಿದೆವು. ಕರಪತ್ರದಲ್ಲಿ ಬೂಷ್ಟು ಎಂದೇ ಬರೆಯಬೇಕೆಂದು ನನ್ನ ಆಸೆ. ಬೂಸು ಇನ್ನೂ ಚಿಕ್ಕ ಪದ, ಬಾಯಿಗೂ ಸಲೀಸು. ಆದರೆ ಓದುಗರು ಹೈನುಗಾರರು. "ಬೂಸುವಿಷ" ಎಂದು ಅಚ್ಚಾದರೆ ದನಕ್ಕೆ ಹಾಕುವ ಬೂಸಾದ ವಿಷ ಎಂದು ಓದಿಕೊಂಡು, ಹಿಂಡಿಯನ್ನು ಬಿಟ್ಟು ಗೋಧಿ ಬೂಸಾದ ಚೀಲವನ್ನು ಅನುಮಾನಿಸುತ್ತಾರೆ.

ಇನ್ನು ವಿಷವೋ ನಂಜೋ? ಅಚ್ಚಗನ್ನಡದ ಮಿತ್ರರು "ಬೂಷ್ಟುನಂಜು" ಎಂದು ಸೂಚಿಸಬಹುದು. ಬೇರೆ ಸೀಮೆಯಲ್ಲಿ ಅದು ನಡೆದೀತು. ಕರಾವಳಿಯಲ್ಲಿ ನಂಜು ಬೇರೆಯೇ ಕೆಲಸದಲ್ಲಿದೆ. ಗಾಯವಾದವರಿಗೆ, ಮೈ ತುರಿಸುವವರಿಗೆ ಬದನೆ ನಂಜು, ಕೆಲವು ಮೀನು ನಂಜು. ನಾಲ್ಕು ದಿನ ಪಥ್ಯ ಮಾಡಿದರೆ ಆಯಿತು, ಗುಣವಾದ ಮೇಲೆ ಮತ್ತೆ ತಿನ್ನಬಹುದು. ತುಳುವಿನ ನಂಜಿಯೂ ಇದೇ ದಾರಿಯದು. ಅಫ್ಲಾಟಾಕ್ಸಿನ್ ಪಥ್ಯದ ಮಾತಲ್ಲ. ಹಾಗಾಗಿ "ಬೂಷ್ಟಿನ ವಿಷ" ಎಂದು ಎರಡು ಪದ ಬಿಡಿಸಿ ಬರೆಯುವುದು ಲೇಸೆನಿಸಿದೆ.

ಅಫ್ಲಾಟಾಕ್ಸಿನ್ ಎಂಬ ಹೆಸರನ್ನು ಒಮ್ಮೆಯಾದರೂ ಹಾಗೆಯೇ ಕೊಡಬೇಕು, ಏಕೆಂದರೆ ಪ್ರಯೋಗಾಲಯದ ವರದಿಯಲ್ಲಿ ಅದೇ ಇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಕಾರಣ ಬ್ರೆಜಿಲ್‌ನಿಂದ ಬಂದ ನೆಲಗಡಲೆ ಹಿಂಡಿ ಎಂದು ಗೊತ್ತಾಯಿತು. ಆ ಬೂಷ್ಟಿನ ಹೆಸರಿನ ತುಣುಕುಗಳನ್ನು ಜೋಡಿಸಿಯೇ ವಿಷಕ್ಕೆ ಹೆಸರಿಟ್ಟರು. ಫ್ಲೇವಸ್ ಎಂದರೆ ಲ್ಯಾಟಿನ್‌ನಲ್ಲಿ ಹಳದಿ. ಆಸ್ಪರ್ಜಿಲಸ್ ಎಂಬುದು 1729ರಲ್ಲಿ ಮಿಕೆಲಿ ಎಂಬ ಇಟಲಿಯ ಪಾದ್ರಿ ಇಟ್ಟ ಹೆಸರು. ಸೂಕ್ಷ್ಮದರ್ಶಕದಲ್ಲಿ ಕಂಡ ಅದರ ತಲೆ, ಇಗರ್ಜಿಯಲ್ಲಿ ಪವಿತ್ರ ಜಲ ಚಿಮುಕಿಸುವ ಉಪಕರಣವನ್ನು ಹೋಲುತ್ತಿತ್ತಂತೆ. ಮಂಗಳೂರಿನ ಇಗರ್ಜಿಗಳಿಗೆ ಹೋಗುವವರಿಗೆ ಆ ಉಪಕರಣ ಕಣ್ಣಿಗೆ ಕಟ್ಟೀತು.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಪದಕ್ಕೆ ಬರುತ್ತೇನೆ. ಅದು ನಾಮಪದವಲ್ಲ, "ಹೋಗು" ಎಂಬ ಕ್ರಿಯಾಪದ.

ಮೋಡ ಕವಿದ ದಿನಗಳಲ್ಲಿ ಅಂಗಳದಲ್ಲಿ ಹರವಿದ ಕೊಬ್ಬರಿ ಹೋಳನ್ನು ಕೈಗೆತ್ತಿಕೊಂಡು ನೋಡಿ. ಮೊದಲು ತಿರುಳು ಅಂಟಂಟಾಗುತ್ತದೆ. ಆಮೇಲೆ ಬಿಳಿ ನೂಲಿನಂಥ ಎಳೆ, ಅದರ ಮೇಲೆ ಹಳದಿ ಬೆರೆತ ಹಸುರು ಪುಡಿ. ಬೆರಳಿನಿಂದ ಸವರಿದರೆ ಪುಡಿಯೆಲ್ಲ ಬೆರಳಿಗೆ ಬರುತ್ತದೆ, ಕೆಳಗೆ ತಿರುಳು ಬೆಳ್ಳಗೇ ಕಾಣುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಸಿಲು ಕಾಣಿಸಿ, "ಬೂಷ್ಟು ಹೋಯಿತು" ಎನ್ನುತ್ತೇವೆ. ಹೋದದ್ದು ಬೂಷ್ಟು, ನಿಜ. ವಿಷ ಹೋಗಿಲ್ಲ. ಅದಕ್ಕೆ ಬಣ್ಣವಿಲ್ಲ, ತನ್ನದೇ ವಾಸನೆಯಿಲ್ಲ, ರುಚಿಯಿಲ್ಲ. ಅದು ಒಡೆಯಬೇಕಾದರೆ 230 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ನಮ್ಮ ಬಾಣಲೆ, ಕುಕ್ಕರಿನಲ್ಲಿ ಬೇಯುವ ಆಹಾರ ಸಾಮಾನ್ಯವಾಗಿ ಆ ಶಾಖವನ್ನು ಮುಟ್ಟುವುದಿಲ್ಲ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು. ಕುದಿಸಿದರೂ ಅಷ್ಟೆ. ಬೂಷ್ಟು ಕಾಣಿಸದ ಕಾಳಿನಲ್ಲೂ ವಿಷ ಇರಬಹುದು, ಬೂಷ್ಟು ಕಂಡಲ್ಲೆಲ್ಲ ಈ ವಿಷವೇ ಇರಬೇಕೆಂದೂ ಇಲ್ಲ. ಆದ್ದರಿಂದ ಬೂಷ್ಟನ್ನೂ ಅದರ ವಿಷವನ್ನೂ ಎರಡು ಬೇರೆ ವಸ್ತುಗಳೆಂದು ಹೆಸರಿಸದೆ ಕರಪತ್ರಕ್ಕೆ ಅರ್ಥವೇ ಇಲ್ಲ. "ಬೂಷ್ಟು ಒರೆಸಿದರೂ ವಿಷ ಉಳಿಯುತ್ತದೆ" ಎಂದು ದಪ್ಪಕ್ಷರದಲ್ಲಿ ಹಾಕಿಸುವ ಯೋಚನೆಯಿದೆ. ಇದಕ್ಕಿಂತ ಚುರುಕಾದ ಮಾತು ಯಾರಿಗಾದರೂ ಹೊಳೆದರೆ ಕೊಡಿ.

ಕೆಟ್ಟದ್ದನ್ನು ಹೇಳಲು ಕನ್ನಡದಲ್ಲಿ ಇರುವ ಸೂಕ್ಷ್ಮ ಇಲ್ಲಿ ನಮಗೆ ನೆರವಾಗುತ್ತದೆ. ಅನ್ನ ಹಳಸುತ್ತದೆ. ಎಣ್ಣೆ, ಹಳೆಯ ಕೊಬ್ಬರಿ ಕಮಟುತ್ತವೆ. ಅಕ್ಕಿ, ಬೇಳೆ, ಹಿಂಡಿ ಮುಗ್ಗುತ್ತವೆ. ತೇವ ಹೊಕ್ಕು ಬೂಷ್ಟಿಗೆ ಹಾಸಿಗೆ ಸಿದ್ಧವಾಗಿದೆ ಎಂಬ ಸುಳಿವು ಕೊಡುವುದು ಈ ಮೂರನೆಯದು, ಮುಗ್ಗಲು ವಾಸನೆ. ಕರಡಿನಲ್ಲಿ ಮೂರಕ್ಕೂ "ಹಾಳಾದ" ಎಂದು ಹಾಕಲಾಗಿತ್ತು. ನಾನು "ಮುಗ್ಗಿದ" ಎಂದು ತಿದ್ದಿದ್ದೇನೆ. ಭತ್ತದ ತೇವ ನೂರಕ್ಕೆ 14ಕ್ಕಿಂತ ಕೆಳಗೆ, ಕೊಬ್ಬರಿಯ ತೇವ ನೂರಕ್ಕೆ 6ರ ಆಸುಪಾಸಿಗೆ ಇಳಿಯಬೇಕೆಂಬ ಲೆಕ್ಕವನ್ನೂ ಅಲ್ಲೇ ಸೇರಿಸಿದ್ದೇನೆ.

ಹಿಂಡಿಯ ಬಗ್ಗೆ ಒಂದು ಮಾತು. ಮನೆಗೆ ಬೇಡವೆಂದು ಆರಿಸಿ ತೆಗೆದ ಸುರುಟಿದ, ಬೂಷ್ಟು ಬಂದ ನೆಲಗಡಲೆ ಗಾಣಕ್ಕೋ ದನದ ಬಾಯಿಗೋ ಹೋಗುತ್ತದೆ. ದನದ ಲಿವರ್ ಆ ವಿಷವನ್ನು ಎಂ1 ಎಂಬ ರೂಪಕ್ಕೆ ತಿರುಗಿಸುತ್ತದೆ, ಅದು ಹಾಲಿಗೆ ಇಳಿಯುತ್ತದೆ. ಅಂದರೆ ಆರಿಸಿ ತೆಗೆದದ್ದು ಸುತ್ತು ಹಾಕಿಕೊಂಡು ಮಗುವಿನ ಲೋಟಕ್ಕೇ ಬರುತ್ತದೆ. ಹಾಲಿನಲ್ಲಿ ಎಂ1ರ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ, ಧಾನ್ಯ ಮತ್ತು ಬೇಳೆಗಳಲ್ಲಿ ಅಫ್ಲಾಟಾಕ್ಸಿನ್ ಮಿತಿ 15 ಮೈಕ್ರೋಗ್ರಾಂ ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮೈಕ್ರೋಗ್ರಾಂ ಎಂದರೆ ಯಾರಿಗೂ ಅಳತೆ ಸಿಗುವುದಿಲ್ಲ. "ಸಾವಿರ ಕೆ.ಜಿ. ಧಾನ್ಯದಲ್ಲಿ 15 ಮಿಲಿಗ್ರಾಂ" ಎಂದು ಬರೆದಿದ್ದೇನೆ.

ಯಕೃತ್ತು, ಪಿತ್ತಜನಕಾಂಗ, ಲಿವರ್ ಈ ಮೂರರಲ್ಲಿ ಲಿವರ್ ಎಂದೇ ಇಟ್ಟುಕೊಂಡಿದ್ದೇನೆ. ಆಸ್ಪತ್ರೆಯ ಚೀಟಿಯಿಂದ ಮನೆಯ ಮಾತಿನವರೆಗೆ ಎಲ್ಲರೂ ಬಳಸುವುದು ಅದನ್ನೇ. ಈಲಿ, ಕಾರಿಜ ಎಂಬ ಒಳ್ಳೆಯ ಪದಗಳು ಮಾಂಸದಂಗಡಿಯಲ್ಲಿ ಉಳಿದುಕೊಂಡಿವೆ, ಮನುಷ್ಯರ ಒಡಲಿಗೆ ಅವನ್ನು ಬಳಸಿದರೆ ಓದುಗರು ತಡವರಿಸುತ್ತಾರೆ.

ಕಾಮಾಲೆ ಮಾತ್ರ ಅಪಾಯದ ಪದ. ಹೆಪಟೈಟಿಸ್ ಬಿ ವೈರಸ್ ಒಡಲಿನಲ್ಲಿ ನೆಲೆಸಿರುವವರಿಗೆ ಅಫ್ಲಾಟಾಕ್ಸಿನ್ ಬಹಳ ಹೆಚ್ಚು ಕೆಡುಕು ಮಾಡುತ್ತದೆ. ಶಾಂಘಾಯಿಯಲ್ಲಿ 18 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ಅಧ್ಯಯನದಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ವಿಷವೊಂದೇ ಇದ್ದಾಗ ಸುಮಾರು 3 ಪಟ್ಟು, ವೈರಸ್ ಒಂದೇ ಇದ್ದಾಗ ಸುಮಾರು 7 ಪಟ್ಟು, ಎರಡೂ ಕೂಡಿದಾಗ ಸುಮಾರು 60 ಪಟ್ಟು ಕಂಡಿತ್ತು. ಇದನ್ನು ಕರಡಿನಲ್ಲಿ "ಕಾಮಾಲೆ ಇದ್ದವರು ಎಚ್ಚರ ವಹಿಸಬೇಕು" ಎಂದು ಬರೆಯಲಾಗಿತ್ತು. ಕಾಮಾಲೆ ರೋಗದ ಹೆಸರಲ್ಲ, ಕಣ್ಣು ಹಳದಿಯಾಗುವ ಲಕ್ಷಣದ ಹೆಸರು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಕೂಡ ನಮಗೆ ಕಾಮಾಲೆಯೇ, ಹಸುರು ಮದ್ದು ಕುಡಿದು ಪಥ್ಯ ಮಾಡಿ ವಾಸಿಯಾಯಿತೆನ್ನುವುದೂ ಕಾಮಾಲೆಯೇ. ಚಿಕ್ಕಂದಿನಲ್ಲಿ ಅದು ಬಂದು ಹೋದವರು ಇದನ್ನು ಓದಿ ಸುಮ್ಮನೆ ಗಾಬರಿಯಾಗುತ್ತಾರೆ. ಹೆಪಟೈಟಿಸ್ ಬಿ ಹೊತ್ತುಕೊಂಡೇ ವರ್ಷಗಟ್ಟಲೆ ಒಮ್ಮೆಯೂ ಕಣ್ಣು ಹಳದಿಯಾಗದವರು "ಇದು ನನಗಲ್ಲ" ಎಂದು ಪುಟ ತಿರುಗಿಸುತ್ತಾರೆ. ಯಾರಿಗೆ ತಲುಪಬೇಕೋ ಅವರಿಗೇ ತಲುಪದ ವಾಕ್ಯವಿದು. "ಹೆಪಟೈಟಿಸ್ ಬಿ" ಎಂದು ಸ್ಪಷ್ಟವಾಗಿ ಬರೆದು, ರಕ್ತಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ, ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆಯಿದೆ ಎಂದು ಸೇರಿಸಬೇಕು. ಕಾಮಾಲೆ ಎಂಬ ಪದ 1974ರ ಘಟನೆಯನ್ನು ಹೇಳುವಲ್ಲಿ ಮಾತ್ರ ಸರಿ: ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ತಿಂದು 397 ಮಂದಿ ಕಾಯಿಲೆ ಬಿದ್ದರು, 106 ಮಂದಿ ಸತ್ತರು. ಅವರ ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಅದು ಕೆಲವೇ ವಾರಗಳಲ್ಲಿ ಹೆಚ್ಚು ವಿಷ ಒಳಹೋದದ್ದರ ಫಲ. ಕ್ಯಾನ್ಸರ್ ಹಾಗಲ್ಲ, ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ಒಳಗೆ ಹೋದದ್ದರಿಂದ ಬರುವಂಥದ್ದು.

ಕೊನೆಯದಾಗಿ "ಉಂಟಾಗುತ್ತದೆ". ಅಫ್ಲಾಟಾಕ್ಸಿನ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿನಲ್ಲಿಟ್ಟಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದು ಅದರ ಅರ್ಥ. ತಿಂದವರಿಗೆಲ್ಲ ಬರುತ್ತದೆ ಎಂದಲ್ಲ. ಲಿವರಿನ ಕಿಣ್ವಗಳು ವಿಷವನ್ನು ಹೊರಹಾಕಲು ಹೊರಟು ಅದನ್ನು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಎನ್‌ಎಗೆ ಅಂಟಿಕೊಂಡು, ಕೋಶಗಳು ಹದ್ದು ಮೀರಿ ಬೆಳೆಯದಂತೆ ತಡೆಯುವ ಪಿ53 ಜೀನಿನಲ್ಲಿ ಒಂದಕ್ಷರವನ್ನು ಬದಲಿಸಿಬಿಡಬಲ್ಲದು. ಪ್ರತಿ ಸಲವೂ ಹೀಗಾಗುವುದಿಲ್ಲ, ಅಂಟಿದ್ದನ್ನು ಒಡಲು ಸರಿಪಡಿಸುವುದೂ ಉಂಟು. "ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ" ಎನ್ನುವುದೇ ಸತ್ಯಕ್ಕೆ ಹತ್ತಿರ. ಒಮ್ಮೆ ಬಾಯಿಗೆ ಕಹಿ ನೆಲಗಡಲೆ ಸಿಕ್ಕಿತೆಂದು ಯಾರೂ ನಿದ್ದೆಗೆಡಬಾರದು.

ಇಷ್ಟನ್ನು ಒಪ್ಪಿದರೆ ವಾಕ್ಯ ಹೀಗಾದೀತು: "ಬೂಷ್ಟು ಬಂದ ಕಾಳು, ಕೊಬ್ಬರಿ, ಹಿಂಡಿಗಳಲ್ಲಿ ಕಣ್ಣಿಗೆ ಕಾಣದ ವಿಷ ಸೇರಿಕೊಂಡಿರಬಹುದು. ವರ್ಷಗಟ್ಟಲೆ ಅದು ಒಳಗೆ ಹೋದರೆ ಲಿವರ್ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ."

ತಿದ್ದಿ, ಕಡಿದು, ಬದಲಿಸಿ. ಕುಂದಾಪುರ, ಬೈಂದೂರು ಕಡೆ ನೆಲಗಡಲೆ ಬೆಳೆಯುವ ಮನೆಗಳವರು ಬೂಷ್ಟು ಬಂದ ಬೀಜಕ್ಕೂ ಬರೀ ಸುರುಟಿದ ಬೀಜಕ್ಕೂ ಬೇರೆ ಬೇರೆ ಹೆಸರು ಬಳಸುತ್ತಾರೆಯೇ? ಪುತ್ತೂರು, ಸುಳ್ಯದವರು ಚಾಲಿ ಅಡಿಕೆಯ ಮೇಲೆ ಬರುವ ಹಸುರು ಪುಡಿಯನ್ನು ಏನೆಂದು ಕರೆಯುತ್ತಾರೆ? ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ಪದಗಳೂ ಬೇಕು, ಏಕೆಂದರೆ ಕರಪತ್ರವನ್ನು ಓದಿ ಹೇಳುವವರು ಕೊನೆಗೆ ಅವೇ ಮಾತುಗಳಲ್ಲಿ ವಿವರಿಸಬೇಕು. ಪದದ ಜೊತೆ ಊರಿನ ಹೆಸರನ್ನೂ ಬರೆಯಿರಿ. ಮಳೆ ಹಿಡಿಯುವ ಮೊದಲೇ ಇದು ಅಚ್ಚಿಗೆ ಹೋಗಬೇಕಾಗಿದೆ.