ಚಿತ್ರದ ಹಿಂದೆ 1912 ಎಂದಿದೆ, ಮರಣ ನೋಂದಣಿಯಲ್ಲಿ 1909: ಯಾವುದನ್ನು ನಂಬಲಿ?

ಪ್ರಶ್ನೆ

ನಮ್ಮ ಮನೆತನದ ಚರಿತ್ರೆ ಬರೆದಿಡಲು ಕುಳಿತಿದ್ದೇನೆ. ಸದ್ಯ ಕೈಯಲ್ಲಿರುವುದು ಒಂದು ಗುಂಪುಚಿತ್ರ ಮತ್ತು ಒಂದು ಮರಣ ನೋಂದಣಿಯ ನಕಲು. ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಚಿತ್ರದ ನಡುವೆ ಕುರ್ಚಿಯಲ್ಲಿ ಕುಳಿತ ಹಿರಿಯರು, ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟಿದ್ದಾರೆ. ಹಿಂದೆ ಮೂವರು ಯುವಕರು. ಬಲತುದಿಯಲ್ಲಿ ಒಬ್ಬ ಹೆಂಗಸು, ತೊಡೆಯ ಮೇಲೆ ಮಗು. ಚಿತ್ರ ತೆಗೆಯುವ ಹೊತ್ತಿಗೆ ಮಗು ತಲೆ ತಿರುಗಿಸಿರಬೇಕು, ಮುಖ ಕಲಸಿಹೋಗಿದೆ. ಹಿಂಬದಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ‘ಮುತ್ತಜ್ಜ, ಮಕ್ಕಳೊಂದಿಗೆ, 1912’ ಎಂದು ಬರೆದಿದೆ. ನೋಂದಣಿ ಪುಸ್ತಕದ ಪ್ರಕಾರ ಮುತ್ತಜ್ಜ ತೀರಿಕೊಂಡದ್ದು 1909ರಲ್ಲಿ, 60ನೆಯ ವಯಸ್ಸಿನಲ್ಲಿ. ‘ಪುಸ್ತಕದಲ್ಲಿ ಯಾರೋ ತಪ್ಪು ಬರೆದಿರುತ್ತಾರೆ, ಬಿಡು’ ಎನ್ನುತ್ತಾರೆ ಮನೆಯವರು. ಬಿಡಲು ನನಗೆ ಮನಸ್ಸಿಲ್ಲ. ಆ ಹಿರಿಯರ ಮುಖ ಒಂದೇ ಒಂದು ಚಿತ್ರದಲ್ಲಿ ಉಳಿದಿದೆ. ಅದು ನಿಜಕ್ಕೂ ಅವರದೇ ಎಂದು ತಿಳಿಯದೆ ಮಕ್ಕಳಿಗೆ ಹೇಗೆ ತೋರಿಸಲಿ? ಎಲ್ಲಿಂದ ಆರಂಭಿಸಬೇಕು?

ಉತ್ತರ 1

ಬಿಡದಿರುವುದೇ ಸರಿ. ಹಳೆಯ ಚಿತ್ರಗಳ ಒಡನಾಟದಲ್ಲೇ ನನ್ನ ಬಹುಪಾಲು ಬಿಡುವು ಕಳೆದಿದೆ, ಆ ಅನುಭವದಿಂದ ಹೇಳುತ್ತೇನೆ: ನಿಮ್ಮ ಕೈಯಲ್ಲಿರುವ ಒಂದು ಹಾಳೆಯಲ್ಲಿ ಮೂರು ಕಾಲಗಳಿವೆ. ಚಿತ್ರ ತೆಗೆದ ಕಾಲ, ಅದು ಈ ಕಾಗದದ ಮೇಲೆ ಮುದ್ರಣಗೊಂಡ ಕಾಲ, ಹಿಂದೆ ಬರೆದ ಕಾಲ. ಮೂರನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಿ.

ಬರಹದಿಂದ ಆರಂಭಿಸಿ. ಬಾಲ್‌ಪೆನ್ನು ಜನರ ಕೈಗೆ ಬರತೊಡಗಿದ್ದು 1945ರ ಕೊನೆಯಿಂದ ಈಚೆಗೆ. ಅಂದರೆ ಆ ‘1912’ ಕನಿಷ್ಠ ಮೂರು ದಶಕಗಳ ನಂತರ ಯಾರೋ ನೆನಪಿನಿಂದಲೋ ಕೇಳಿದ್ದರಿಂದಲೋ ಬರೆದದ್ದು. ‘ಮುತ್ತಜ್ಜ’ ಎಂದಿರುವುದರಿಂದ ಬರೆದವರು ಮರಿಮಕ್ಕಳ ತಲೆಮಾರಿನವರು, ಅಥವಾ ಆ ಮಕ್ಕಳಿಗಾಗಿ ಬರೆದ ಹಿರಿಯರು. ಮನೆಯಲ್ಲಿರುವ ಹಳೆಯ ಪತ್ರಗಳು, ಲೆಕ್ಕದ ಪುಸ್ತಕಗಳ ಪಕ್ಕದಲ್ಲಿಟ್ಟು ಅಕ್ಷರ ಹೋಲಿಸಿ. ಬರೆದವರು ಯಾರೆಂದು ತಿಳಿದರೆ, ಅವರಿಗೆ ಎಷ್ಟು ಗೊತ್ತಿರಲು ಸಾಧ್ಯವಿತ್ತು ಎಂಬುದೂ ತಿಳಿಯುತ್ತದೆ.

ಇನ್ನು ಕಾಗದ. ಭೂತಗನ್ನಡಿ ಹಿಡಿದು ನೋಡಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಹುಬಳಕೆಯಲ್ಲಿದ್ದ ಮೊಟ್ಟೆಯ ಬಿಳಿಲೋಳೆಯ ಲೇಪದ ಕಾಗದವಾದರೆ ಎಳೆಎಳೆಯಾಗಿ ನಾರು ಕಾಣುತ್ತದೆ, ತಿಳಿ ಭಾಗಗಳು ಹಳದಿಗೆ ತಿರುಗಿರುತ್ತವೆ. ಆ ಕಾಗದ ತೀರಾ ತೆಳು, ಸುರುಳಿಯಾಗುತ್ತಿತ್ತು. ಹಾಗಾಗಿ ದಪ್ಪ ರಟ್ಟಿಗೆ ಅಂಟಿಸಿರುತ್ತಿದ್ದರು. ನಂತರದ ಜೆಲಟಿನ್ ಕಾಗದದಲ್ಲಿ ನಾರು ಕಾಣುವುದಿಲ್ಲ. ಅದನ್ನು ಓರೆ ಬೆಳಕಿಗೆ ಹಿಡಿದರೆ, ಹಳೆಯದಾಗಿದ್ದಲ್ಲಿ ಅಂಚಿನ ಕಪ್ಪು ಭಾಗಗಳ ಮೇಲೆ ನೀಲಿ ಛಾಯೆಯ ಬೆಳ್ಳಿ ಹೊಳಪು ಎದ್ದಿರುವುದುಂಟು.

ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿ ಮಡಿಕೆಯೋ ಗೀರೋ ಕಂಡರೆ ಅದರ ಪಕ್ಕದ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಕಣ್ಣಿಗೆ ಕಾಣುವ ಮಡಿಕೆ ಬೆರಳಿಗೆ ತಾಗದಿದ್ದರೆ ಅದು ಮೂಲಚಿತ್ರದ ಮಡಿಕೆ. ನಿಮ್ಮಲ್ಲಿರುವುದು ಚಿತ್ರದ ಚಿತ್ರ. ಕತ್ತಲ ಕೋಣೆಯಲ್ಲಿ ನೇರಳಾತೀತ ಟಾರ್ಚ್ ಹಾಯಿಸಿಯೂ ನೋಡಿ. 1950ರ ದಶಕದಿಂದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸತೊಡಗಿದರು, ಅದು ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಮಿನುಗುತ್ತದೆ. ಮಿನುಗದಿದ್ದರೆ ಮಾತ್ರ ಏನನ್ನೂ ತೀರ್ಮಾನಿಸಬೇಡಿ, ಈಚಿನ ಎಲ್ಲ ಕಾಗದಗಳಲ್ಲೂ ಅದು ಇರುವುದಿಲ್ಲ.

ಉತ್ತರ 2

ದಾಖಲೆಯ ಕಡೆಯಿಂದ ಒಂದು ಮಾತು. ಮರಣ ನೋಂದಣಿಯಲ್ಲಿ ತೀರಿಕೊಂಡ ದಿನಾಂಕಕ್ಕೆ ತೂಕವಿದೆ, ಏಕೆಂದರೆ ಸಾಮಾನ್ಯವಾಗಿ ಅದನ್ನು ಕೆಲವೇ ದಿನಗಳಲ್ಲಿ ಬರೆಸಿರುತ್ತಾರೆ. ವಯಸ್ಸಿಗೆ ಅಷ್ಟು ತೂಕವಿಲ್ಲ. ‘60’ ಎಂಬಂಥ ದುಂಡು ಸಂಖ್ಯೆ ಬಂದಾಗ 55ರಿಂದ 65ರವರೆಗೆ ಎಲ್ಲಿಯಾದರೂ ಇರಬಹುದು ಎಂದೇ ಓದಿಕೊಳ್ಳಿ.

ಆದರೆ ಅದಕ್ಕೂ ಮೊದಲು, ಆ ನಮೂದು ನಿಮ್ಮ ಮುತ್ತಜ್ಜನದೇ ಎಂದು ಖಚಿತಪಡಿಸಿಕೊಂಡಿದ್ದೀರಾ? ಒಂದೇ ಹೆಸರು ಅಣ್ಣತಮ್ಮಂದಿರ ಮಕ್ಕಳಲ್ಲಿ, ತಾತ ಮೊಮ್ಮಕ್ಕಳಲ್ಲಿ ಮರುಕಳಿಸುವ ಮನೆತನಗಳು ಎಷ್ಟೋ ಇವೆ. ನಕಲಿನಲ್ಲಿ ಹೆಸರು, ದಿನಾಂಕ ಮಾತ್ರ ಬಂದಿದ್ದರೆ ಸಾಲದು, ಮೂಲ ಪುಸ್ತಕದ ಇಡೀ ಸಾಲನ್ನು ಓದಬೇಕು: ತಂದೆಯ ಹೆಸರು, ಸುದ್ದಿ ಕೊಟ್ಟವರು ಯಾರು, ಅವರಿಗೆ ಏನು ಸಂಬಂಧ.

ಜಮೀನು ಅಥವಾ ಮನೆ ಇದ್ದವರಾದರೆ ಆಸ್ತಿ ವಾರಸುದಾರರಿಗೆ ವರ್ಗವಾದ ದಾಖಲೆ ಹುಡುಕಿ. ಸತ್ತವರ ಮಕ್ಕಳ ಹೆಸರು ಒಂದೇ ಕಡೆ ಸಿಗುವ ಜಾಗ ಅದು. ಕ್ರಯಪತ್ರ ಸಿಕ್ಕರೆ ಚಕ್ಕುಬಂದಿಯನ್ನು ಹಾರಿಸಿ ಓದಬೇಡಿ. ನಾಲ್ಕು ದಿಕ್ಕಿನ ನೆರೆಯವರಲ್ಲಿ, ಕೊನೆಯಲ್ಲಿ ರುಜು ಹಾಕಿದ ಸಾಕ್ಷಿಗಳಲ್ಲಿ ದಾಯಾದಿಗಳು, ಬೀಗರು ಸಿಗುವುದು ಅಪರೂಪವಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಾಗದ ಮಿನುಗಿತು, ಎದ್ದು ಕಾಣುವಷ್ಟು! ಎಡ ಮೂಲೆಯಿಂದ ಹಾಯುವ ಮಡಿಕೆ ಬೆರಳಿಗೆ ತಾಗುವುದೇ ಇಲ್ಲ. ಇದು ನಕಲು, ಮೂಲ ಬೇರೆ ಯಾರದೋ ಮನೆಯಲ್ಲಿ ಇದ್ದಿರಬೇಕು.

ಮೂಲ ಪುಸ್ತಕವನ್ನೂ ನೋಡಿ ಬಂದೆ. ಸುದ್ದಿ ಕೊಟ್ಟವರು ‘ಮಗ’ ಎಂದಿದೆ; ಆ ಹೆಸರಿನ ಮಗ ಮುತ್ತಜ್ಜನಿಗೆ ಇರಲೇ ಇಲ್ಲ. ತಂದೆಯ ಹೆಸರೂ ಬೇರೆ. 1909ರಲ್ಲಿ ತೀರಿಕೊಂಡವರು ಅದೇ ಹೆಸರಿನ ಇನ್ನೊಬ್ಬರು. ಈಗ 1912ಕ್ಕೆ ಅಡ್ಡಿಯೇನೋ ಇಲ್ಲ, ಆದರೆ ಆಧಾರವೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜಿಯ ಅಕ್ಕನ ಜನನ 1911, ಅಜ್ಜಿಯದು 1914 ಎಂದಿದೆ. ತೊಡೆಯ ಮೇಲಿನ ಮಗು ಇವರಲ್ಲಿ ಒಬ್ಬರಿರಬಹುದೇ?

ಉತ್ತರ 3

ಗುಂಪುಚಿತ್ರದ ಕಾಲ ಹೇಳಲು ಮಗುವಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ದೊಡ್ಡವರ ವಯಸ್ಸನ್ನು ಹತ್ತು ವರ್ಷ ಹಿಂದೆಮುಂದೆ ಊಹಿಸಬಹುದು, ಮಗುವಿನದು ಒಂದೆರಡು ವರ್ಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ತೊಡೆಯ ಮೇಲಿರುವುದು ಅಜ್ಜಿಯಾದರೆ, ಸುಮಾರು ಮೂರು ನಾಲ್ಕು ವರ್ಷದ ಅಕ್ಕ ಚಿತ್ರದಲ್ಲಿ ಏಕಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಅಕ್ಕನಾದರೆ 1912 ಚೆನ್ನಾಗಿ ಹೊಂದುತ್ತದೆ. ಶಾಲೆಗೆ ಸೇರಿಸುವಾಗ ಜನನದ ವರ್ಷವನ್ನು ಅಂದಾಜಿನಿಂದ ಬರೆಸಿರುವುದೂ ಉಂಟು, ಒಂದು ವರ್ಷದ ಸಡಿಲ ಇಟ್ಟುಕೊಳ್ಳಿ.

ಒಂದು ವಿನಂತಿ. ಆ ಕಲಸಿದ ಮುಖವನ್ನು ‘ಸ್ಪಷ್ಟಗೊಳಿಸುವ’ ಆ್ಯಪ್‌ಗಳ ಕೈಗೆ ಕೊಟ್ಟು ಗುರುತು ಹಚ್ಚಲು ಹೋಗಬೇಡಿ. ಅವು ಇಲ್ಲದ ಕಣ್ಣು, ಕಿವಿಗಳನ್ನು ತಾವೇ ಸೃಷ್ಟಿಸಿ ಕೂರಿಸುತ್ತವೆ. ನಿಮ್ಮ ಕುಟುಂಬದಲ್ಲಿ ಎಂದೂ ಹುಟ್ಟದ ಮಗುವಿನ ಮುಖ ಅದು. ಚಿತ್ರದ ಎರಡೂ ಬದಿಗಳನ್ನು, ಅಂಚು ಕತ್ತರಿಸದೆ, 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಅಥವಾ ಹೆಚ್ಚಿನಲ್ಲಿ ಸ್ಕ್ಯಾನ್ ಮಾಡಿ ಹಾಗೆಯೇ ಕಾದಿರಿಸಿ.

ಬಳಿಕ ಮುಂಬದಿಯ ಪ್ರತಿಯನ್ನು ಮಾತ್ರ ಮುದ್ರಿಸಿ, ಬಂಧುಗಳಲ್ಲಿ ಹಿರಿಯರಿಗೆ ಒಬ್ಬೊಬ್ಬರಿಗೇ ತೋರಿಸಿ. ಹಿಂದಿನ ಬರಹ ಕಾಣಿಸಬೇಡಿ, ಹೆಸರುಗಳನ್ನು ನೀವಾಗಿ ಹೇಳಬೇಡಿ. ಮೂಲಚಿತ್ರ ಅವರಲ್ಲೇ ಯಾರದಾದರೂ ಮನೆಯಲ್ಲಿ ಇದ್ದರೂ ಇರಬಹುದು, ಅದನ್ನೂ ವಿಚಾರಿಸಿ. ಯಾರನ್ನಾದರೂ ಗುರುತಿಸಿದರೆ, ಯಾವುದರಿಂದ ಗುರುತಿಸಿದರು ಎಂದು ಕೇಳಿ ಅದನ್ನೂ ದಿನಾಂಕ ಹಾಕಿ ಬರೆದುಕೊಳ್ಳಿ.