ಸೈಕಲ್ಲಿನಿಂದ ಬಿದ್ದು ಭುಜ ಮುರಿದವರು ಚೇತರಿಸಿಕೊಂಡ ಬಗೆ

ಹುಬ್ಬಳ್ಳಿಯಿಂದ ಪ್ರಶ್ನೆ: ಉಣಕಲ್ ಕೆರೆಯ ಬಳಿ ಸೈಕಲ್ಲಿನಿಂದ ಬಿದ್ದ ನನ್ನ ತಮ್ಮನಿಗೆ ಭುಜದ ಕೀಲಿನ ಹತ್ತಿರ ತೋಳಿನ ಎಲುಬು ಮುರಿದಿದೆ. ಎಲುಬು ಸರಿದಿಲ್ಲವೆಂದು ವೈದ್ಯರು ಪ್ಲಾಸ್ಟರ್ ಹಾಕದೆ ಆರ್ಮ್ ಪೌಚ್ (ಕೈಯನ್ನು ಕುತ್ತಿಗೆಯಿಂದ ತೂಗಿಟ್ಟುಕೊಳ್ಳುವ ಚೀಲ) ಮಾತ್ರ ಕೊಟ್ಟಿದ್ದಾರೆ. ಇಷ್ಟೇ ಸಾಕೇ? ಕೈಯನ್ನು ಎಷ್ಟು ದಿನ ಅಲುಗಿಸಬಾರದು? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಧಾರವಾಡದಿಂದ ಉತ್ತರ: ಇದೇ ಪೆಟ್ಟು ಕೆಲವು ವರ್ಷಗಳ ಹಿಂದೆ ಕೆಲಗೇರಿ ರಸ್ತೆಯಲ್ಲಿ ಬಿದ್ದಾಗ ನನಗೂ ಆಗಿತ್ತು. ಎಲುಬು ಸರಿಯದಿದ್ದರೆ ಸಾಮಾನ್ಯವಾಗಿ ಪೌಚ್ ಸಾಕಾಗುತ್ತದೆ, ಆರರಿಂದ ಎಂಟು ವಾರಗಳಲ್ಲಿ ಅದು ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಆದರೆ ಎಲುಬು ಕೂಡಿದ ಮೇಲೂ ನನ್ನನ್ನು ಬಹಳ ಕಾಲ ಕಾಡಿದ್ದು ಕೀಲಿನ ಬಿಗಿತ. ಕೈಯನ್ನು ಅಗತ್ಯಕ್ಕಿಂತ ಹೆಚ್ಚು ದಿನ ಕಟ್ಟಿಟ್ಟರೆ ಕೀಲನ್ನು ಸುತ್ತುವರಿದ ಪೊರೆ ಕುಗ್ಗಿ, ತೋಳು ಮೇಲೇಳುವುದೇ ಕಷ್ಟವಾಗುತ್ತದೆ. ಆದ್ದರಿಂದ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಲು ಹೇಳಿರಿ. ಎಕ್ಸ್‌ರೇ ನೋಡಿ ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳೊಳಗೆ, ಮುಂದಕ್ಕೆ ಬಾಗಿ ಒಳ್ಳೆಯ ಕೈಯಿಂದ ಮೇಜನ್ನು ಹಿಡಿದು, ಪೆಟ್ಟಾದ ಕೈಯನ್ನು ಜೋತುಬಿಟ್ಟು ಮೈ ತೂಗುವುದರಿಂದಲೇ ಅದು ಮೆಲ್ಲಗೆ ತೂಗುವಂತೆ ಮಾಡುವ ವ್ಯಾಯಾಮ ಆರಂಭವಾಗುತ್ತದೆ. ಅನಂತರ ಒಳ್ಳೆಯ ಕೈಯ ಆಸರೆಯಲ್ಲಿ ಕೋಲು ಹಿಡಿದು ತೋಳೆತ್ತುವುದು, ಗೋಡೆಯ ಮೇಲೆ ಬೆರಳುಗಳನ್ನು ಏರಿಸುವುದು ಬರುತ್ತವೆ. ಭಾರ ಎತ್ತುವುದಕ್ಕೆ ಸುಮಾರು ಮೂರು ತಿಂಗಳು ಕಾಯಬೇಕಾಗುತ್ತದೆ.

ರಾತ್ರಿಯ ನಿದ್ದೆಯೇ ಮೊದಲ ವಾರಗಳ ದೊಡ್ಡ ಸಂಕಟ. ಬೆನ್ನಿಗೆ ದಿಂಬುಗಳನ್ನು ಒಡ್ಡಿ ಅರ್ಧ ಕುಳಿತಂತೆ ಮಲಗಿ, ಮೊಣಕೈ ಕೆಳಗೂ ಒಂದು ದಿಂಬು ಇಟ್ಟರೆ ನೋವು ತಗ್ಗುತ್ತದೆ. ಅಂಗಿ ತೊಡುವಾಗ ಪೆಟ್ಟಾದ ಕೈ ಮೊದಲು, ಕಳಚುವಾಗ ಅದು ಕೊನೆಗೆ. ಹೆಪ್ಪುಗಟ್ಟಿದ ರಕ್ತದ ಕಪ್ಪು ಮೊಣಕೈವರೆಗೆ ಇಳಿದರೆ ಹೆದರಬೇಕಿಲ್ಲ. ಆದರೆ ತೋಳಿನ ಹೊರಬದಿ ಜೋಮು ಹಿಡಿದರೆ, ಮಣಿಕಟ್ಟು ಎತ್ತಲಾಗದಿದ್ದರೆ ಅಥವಾ ಬೆರಳುಗಳು ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೈಕಲ್ ಹತ್ತುವ ಮೊದಲು ಎರಡೂ ಕೈಗಳಿಂದ ಬ್ರೇಕನ್ನು ಬಲವಾಗಿ ಹಿಡಿಯಲು ಬರಬೇಕು, ಏಕೆಂದರೆ ತಗ್ಗುಗಳ ಏಟು ಹ್ಯಾಂಡಲ್ ಮೂಲಕ ನೇರವಾಗಿ ಭುಜಕ್ಕೇ ಬರುತ್ತದೆ.

ಗದಗಿನಿಂದ ಉತ್ತರ: ನಮ್ಮ ಅಕ್ಕನವರಿಗೂ ಹೀಗೆಯೇ ಆದಾಗ ಎಣ್ಣೆ ಹಚ್ಚಿ ತಿಕ್ಕಿಸಿರಿ, ಎಲುಬು ಕಟ್ಟುವವರಲ್ಲಿ ಕರೆದೊಯ್ಯಿರಿ ಎಂದು ಬಂದವರೆಲ್ಲ ಹೇಳಿದರು. ಹಿತವನ್ನು ಬಯಸಿಯೇ ಹೇಳಿದರೂ ಹೊಸ ಮುರಿತವನ್ನು ತಿಕ್ಕಿದರೆ ಎಲುಬು ಸರಿಯಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ ನಾವು ಒಪ್ಪಲಿಲ್ಲ. ನಿಮ್ಮ ತಮ್ಮನವರು ಬೀಡಿ, ಸಿಗರೇಟು ಸೇದುವವರಾಗಿದ್ದರೆ ಬಿಡಿಸಿರಿ, ಧೂಮಪಾನದಿಂದ ಎಲುಬು ಕೂಡುವುದು ತಡವಾಗುತ್ತದೆ. ಅಕ್ಕನವರು ರೊಟ್ಟಿ ಬಡಿಯುವುದಕ್ಕೆ ಬೇಗ ಮರಳಿದರು, ಆದರೆ ಎತ್ತರದ ಹಗ್ಗಕ್ಕೆ ಅರಿವೆ ಹಾಕುವುದು ಮತ್ತು ಬೆನ್ನ ಹಿಂದೆ ಕೈ ಒಯ್ಯುವುದು ತಿಂಗಳುಗಟ್ಟಲೆ ತಡವಾಯಿತು. ಆ ಅವಧಿಯಲ್ಲಿ ಬೇಸತ್ತು ವ್ಯಾಯಾಮ ಬಿಡುವ ಸಂಭವ ಹೆಚ್ಚು. ಗೋಡೆಯ ಮೇಲೆ ಬೆರಳು ಮುಟ್ಟಿದ ಎತ್ತರಕ್ಕೆ ಪ್ರತಿ ವಾರ ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿರಿ, ಮುಂದಿನ ಸಲ ಹೋದಾಗ ಫಿಸಿಯೋಥೆರಪಿಯವರಿಗೂ ಅದನ್ನು ಅಳೆದು ಹೇಳಬಹುದು.